ಹೊರದೇಶದ ನೋಂದಣಿ, ಊರಿನ ಹೊಣೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ನಮ್ಮಲ್ಲಿ ಸಾಹಿತ್ಯ, ಜಾನಪದ, ಶಾಸನಗಳ ಮಾತು ನಡೆಯುವುದೇ ರೂಢಿ. ಈ ವೇದಿಕೆಯಲ್ಲಿ ನರ್ಸ್‌ಗಳ ಬಗ್ಗೆ ಮಾತಾಡಿ ಎಂದು ದತ್ತಿದಾತರು ಕೇಳಿದ್ದು ನನಗೆ ಬಹಳ ಸಂತೋಷ ತಂದಿದೆ. ಬದುಕಿನ ಹೆಚ್ಚು ಪಾಲನ್ನು ವಾರ್ಡಿನಲ್ಲಿ, ಆಮೇಲೆ ತರಗತಿಯಲ್ಲಿ ಕಳೆದವಳು ನಾನು. ಹೊರದೇಶಕ್ಕೆ ಹೋಗಬೇಕೆಂದು ಅರ್ಜಿ, ಅಂಕಪಟ್ಟಿ, ಪಾಸ್‌ಪೋರ್ಟು ಹಿಡಿದು ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳು ನನಗೆ ಕಲಿಸಿದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಾನು ಹೇಳಬೇಕಾದದ್ದು ಇಷ್ಟೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಮಕ್ಕಳಿಗೆ ಹೊರದೇಶದಲ್ಲಿ ನರ್ಸ್ ಎಂಬ ನೋಂದಣಿ ಸಿಗುವುದೋ ಇಲ್ಲವೋ ಎಂಬುದು ಲಂಡನ್ನಿನಲ್ಲೋ ದುಬೈಯಲ್ಲೋ ತೀರ್ಮಾನವಾಗುತ್ತದೆ ಎಂದು ನಾವು ತಿಳಿದಿದ್ದೇವೆ. ಅದರ ಬಹುಪಾಲು ಇಲ್ಲೇ ತೀರ್ಮಾನವಾಗಿರುತ್ತದೆ: ಹೈಸ್ಕೂಲಿನ ದಾಖಲಾತಿ ಪುಸ್ತಕದಲ್ಲಿ, ಕಾಲೇಜಿನ ಕಡತದಲ್ಲಿ, ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ. ಅಲ್ಲಿ ಆದ ಲೋಪಕ್ಕೆ ಬೆಲೆ ತೆರುವವರು ಆ ಮಕ್ಕಳು. ತಿದ್ದಬೇಕಾದ ಹೊಣೆ ನಮ್ಮದು.

ರಿಜಿಸ್ಟರ್ ಏಕೆ ಬಂತು

ನರ್ಸ್‌ಗಳ ಹೆಸರನ್ನು ಕಾನೂನಿನ ಪ್ರಕಾರ ಪಟ್ಟಿಯಲ್ಲಿ ಬರೆದಿಡುವ ಪದ್ಧತಿಗೆ ಇನ್ನೂ ನೂರೈವತ್ತು ವರ್ಷ ತುಂಬಿಲ್ಲ. ಅದಕ್ಕೆಂದೇ ಮೊದಲು ಪ್ರತ್ಯೇಕ ಕಾಯ್ದೆ ಮಾಡಿದ್ದು ನ್ಯೂಜಿಲೆಂಡ್, 1901ರಲ್ಲಿ. ಬ್ರಿಟನ್ನಿನಲ್ಲಿ ಅದಕ್ಕಾಗಿ ಮೂವತ್ತು ವರ್ಷಗಳಷ್ಟು ವಾದ ನಡೆಯಿತು. ರಿಜಿಸ್ಟರ್ ಬೇಕೇ ಬೇಕು ಎಂದು ಹೋರಾಡಿದವರು ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್. ಬೇಡ ಎಂದವರು ಯಾರು ಗೊತ್ತೆ? ನಾವು ಪ್ರತಿವರ್ಷ ಮೇ 12ರಂದು ದೀಪ ಹಚ್ಚಿ ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್. ಪರೀಕ್ಷೆ ಬರೆದು ಪಟ್ಟಿಯಲ್ಲಿ ಹೆಸರು ಹಾಕಿಸಿಕೊಂಡರೆ ನರ್ಸಿನ ಗುಣ ಅಳೆದಂತಾಗುವುದಿಲ್ಲ ಎಂಬುದು ಅವರ ಆತಂಕ. ರೋಗಿಯ ಬಳಿ ನಿಲ್ಲುವವರು ಕಲಿತವರೋ ಅಲ್ಲವೋ ಎಂದು ತಿಳಿಯುವ ಹಕ್ಕು ರೋಗಿಗಿದೆ ಎಂಬುದು ಫೆನ್‌ವಿಕ್ ಅವರ ನಿಲುವು. 1919ರಲ್ಲಿ ಕಾಯ್ದೆ ಬಂತು. ಆ ರಿಜಿಸ್ಟರಿನ ಮೊದಲ ಸಂಖ್ಯೆ ಫೆನ್‌ವಿಕ್ ಅವರದೇ. ನನ್ನ ಅನುಭವದಲ್ಲಿ ಇಬ್ಬರ ಮಾತೂ ನಿಜ. ಪಟ್ಟಿಯಿಲ್ಲದಿದ್ದರೆ ರೋಗಿಗೆ ರಕ್ಷಣೆಯಿಲ್ಲ. ಪಟ್ಟಿಯೊಂದೇ ಇದ್ದರೂ ಆರೈಕೆ ಬರುವುದಿಲ್ಲ.

ಭಾರತದಲ್ಲಿ ಮದ್ರಾಸ್ ಪ್ರಾಂತ್ಯ 1926ರಲ್ಲಿ ನರ್ಸ್ ಮತ್ತು ಸೂಲಗಿತ್ತಿಯರ ಕಾಯ್ದೆ ತಂದಿತು. ಸ್ವಾತಂತ್ರ್ಯ ಬಂದ ವರ್ಷದ ಕಡೆಯ ದಿನ, 1947ರ ಡಿಸೆಂಬರ್ 31ರಂದು, ದೇಶಕ್ಕೆಲ್ಲ ಒಂದೇ ಮಟ್ಟದ ತರಬೇತಿ ಇರಲಿ ಎಂದು ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ನಮ್ಮ ರಾಜ್ಯದ್ದು 1961ರ ಕಾಯ್ದೆ. ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನಿಮ್ಮ ಹೆಸರಿನ ಮುಂದೆ ಇರುವ ಸಂಖ್ಯೆಗೆ ಅದೇ ಬುಡ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ದೇಶದ ನರ್ಸ್‌ಗಳೆಲ್ಲರ ಹೆಸರು ಆನ್‌ಲೈನ್ ರಿಜಿಸ್ಟರಿನಲ್ಲಿ ಇರಬೇಕು ಎಂಬುದು ಅದರ ಆಶಯಗಳಲ್ಲೊಂದು.

ಹಾಸನದ ಮಟ್ಟಿಗೆ ಒಂದು ಮಾತು ಸೇರಿಸಬೇಕು. ವೆಸ್ಲಿಯನ್ ಮಿಷನ್ನಿನವರು ಕಟ್ಟಿದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಇಲ್ಲಿ ಶತಮಾನದಿಂದ ಇದೆ. ಆ ಕಾಲದಲ್ಲಿ ಹೊರದೇಶದಲ್ಲಿ ಕಲಿತ ನರ್ಸ್‌ಗಳು ಹಡಗು ಹತ್ತಿ ನಮ್ಮೂರಿಗೆ ಬರುತ್ತಿದ್ದರು. ನಮ್ಮ ಬಾಣಂತಿಯರನ್ನು ಅವರು ನೋಡಿಕೊಂಡರು, ನಮ್ಮ ಹೆಣ್ಣುಮಕ್ಕಳಿಗೆ ಈ ಕೆಲಸ ಕಲಿಸಿದರು. ಇಂದು ಪ್ರಯಾಣದ ದಿಕ್ಕು ಬದಲಾಗಿದೆ, ಅಷ್ಟೆ. ಅಲ್ಲಿನ ಮುದುಕರ ಹಾಸಿಗೆಯ ಬಳಿ ನಿಲ್ಲುವವರು ನಮ್ಮ ಮಕ್ಕಳು. ಇವರು ಯಾರು, ಏನು ಕಲಿತಿದ್ದಾರೆ ಎಂದು ಅವರು ಕೇಳುವುದು ನ್ಯಾಯವೇ. ಆ ಪ್ರಶ್ನೆಗೆ ಉತ್ತರ ಕೊಡಲು ಮಕ್ಕಳನ್ನು ನಾವು ಸಜ್ಜುಮಾಡಿದ್ದೇವೆಯೇ ಎಂಬುದೇ ಮುಖ್ಯ.

ಒಂದು ಹೆಸರು, ಹಲವು ರೂಪ

ಕಾಗದದಿಂದ ಶುರುಮಾಡೋಣ. ಹೆಚ್ಚು ಮಕ್ಕಳು ಎಡವುವುದು ಇಲ್ಲಿಯೇ.

ಕೋಣನೂರಿನ ಹತ್ತಿರದ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಆಕೆ ರೂಪಾ ಕೆ.ಎಸ್. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ. ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ನಮ್ಮ ಸೀಮೆಯಲ್ಲಿ ಕಡಿಮೆ. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಸರ್‌ನೇಮ್ ಎಂಬ ಜಾಗ ಬರುತ್ತದೆ. ಸೈಬರ್ ಸೆಂಟರಿನ ಹುಡುಗ ಕೇಳುತ್ತಾನೆ, “ಅಕ್ಕಾ, ಇಲ್ಲಿ ಏನ್ ಹಾಕ್ಲಿ?” ಆಕೆ ಕೋಣನೂರು ಸಿದ್ದೇಗೌಡ ಎಂದು ಬರೆಸುತ್ತಾಳೆ. ಕಾಲೇಜಿನವರು ಡಿಪ್ಲೊಮಾ ಪ್ರಮಾಣಪತ್ರಕ್ಕೆ ಕಳಿಸಿದ ಇಂಗ್ಲಿಷ್ ಕಾಗುಣಿತದಲ್ಲಿ ಎರಡು ‘ಓ’ ಇದ್ದರೆ, ಆಧಾರಿನಲ್ಲಿ ಒಂದು ‘ಯು’. ಮದುವೆಯಾದ ಮೇಲೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿದೆ. ಊರಿನವರಿಗೆ ಇವೆಲ್ಲ ಒಬ್ಬಳೇ ರೂಪಾ. ಆಕೆಯ ಮುಖ ನೋಡದ, ಕಾಗದ ಮಾತ್ರ ನೋಡುವ ಪರಿಶೀಲಕನಿಗೆ ಹಲವರು.

ಕೊಲ್ಲಿ ರಾಷ್ಟ್ರಗಳಿಗೆ ಅರ್ಜಿ ಹಾಕಿದವರಿಗೆ ಡೇಟಾಫ್ಲೋ ಎಂದರೆ ಏನೆಂದು ಗೊತ್ತು. ದುಬೈ, ಸೌದಿ, ಕತಾರಿನ ಆರೋಗ್ಯ ಇಲಾಖೆಗಳ ಪರವಾಗಿ ಆ ಸಂಸ್ಥೆ ನೀವು ಕೊಟ್ಟ ಪ್ರತಿಯೊಂದು ಪ್ರಮಾಣಪತ್ರವನ್ನು ಅದು ಹುಟ್ಟಿದ ಕಚೇರಿಗೇ ಕಳಿಸಿ ಕೇಳುತ್ತದೆ. ಕಾಲೇಜು ಉತ್ತರ ಬರೆಯಬೇಕು, ಪರೀಕ್ಷಾ ಮಂಡಳಿ ಬರೆಯಬೇಕು, ಕೆಲಸ ಮಾಡಿದ ಆಸ್ಪತ್ರೆ ಬರೆಯಬೇಕು. ಉತ್ತರ ಬರದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಅರಕಲಗೂಡಿನಲ್ಲಿ ಕುಳಿತ ಹುಡುಗಿ ದಿನಾ ಫೋನು ನೋಡುತ್ತಾಳೆ, ಕಾಲೇಜಿನ ಗುಮಾಸ್ತರ ಮೇಲ್ ಪೆಟ್ಟಿಗೆಯಲ್ಲಿ ಆ ಪ್ರಶ್ನೆ ತೆರೆಯದೆ ಬಿದ್ದಿರುತ್ತದೆ.

ಇನ್ನೊಂದು ತೊಡಕು ಟ್ರಾನ್ಸ್‌ಕ್ರಿಪ್ಟ್. ಯಾವ ವಿಷಯ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡು ಎಂದು ಅದರಲ್ಲಿ ಲೆಕ್ಕ ಇರಬೇಕು. ಐರೋಪ್ಯ ಒಕ್ಕೂಟದ ನಿಯಮದಂತೆ ಸಾಮಾನ್ಯ ನರ್ಸ್ ಆಗಲು 4,600 ಗಂಟೆಗಳ ಕಲಿಕೆ ಬೇಕು, ಅದರಲ್ಲಿ ಕನಿಷ್ಠ ಅರ್ಧ ರೋಗಿಯ ಬಳಿ. ಜರ್ಮನಿಯವರು ನಮ್ಮ ಗಂಟೆಗಳನ್ನು ತಮ್ಮ ಗಂಟೆಗಳ ಪಕ್ಕದಲ್ಲಿಟ್ಟು ನೋಡಿ, ಕಡಿಮೆ ಕಂಡದ್ದನ್ನು ಬರವಣಿಗೆಯಲ್ಲಿ ತಿಳಿಸುತ್ತಾರೆ. ಆ ಕೊರತೆ ತುಂಬಲು ಅಲ್ಲಿ ತರಬೇತಿ ಪಡೆಯಬೇಕು, ಇಲ್ಲವೇ ಪರೀಕ್ಷೆಗೆ ಕೂರಬೇಕು. ನಮ್ಮ ಮಕ್ಕಳು ವಾರ್ಡಿನಲ್ಲಿ ಹಗಲೂ ರಾತ್ರಿ ದುಡಿದಿರುತ್ತಾರೆ. ಆದರೆ ದಾಖಲಾಗದ ಗಂಟೆ ಅಲ್ಲಿ ಲೆಕ್ಕಕ್ಕಿಲ್ಲ. ರಾಜ್ಯದಲ್ಲಿ ಕೆಲವು ಕಾಲೇಜುಗಳು ಅಣಬೆಯ ಹಾಗೆ ಎದ್ದು ಮುಚ್ಚಿಹೋದವು. ಅಲ್ಲಿ ಓದಿದವರು ತಮ್ಮ ಗಂಟೆಗಳಿಗೆ ಯಾರ ಸಹಿ ಕೇಳಬೇಕು?

2017ರ ಆಸುಪಾಸಿನಲ್ಲಿ ಕರ್ನಾಟಕದ ಕಾಲೇಜುಗಳಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಬೇಕೇ ಬೇಡವೇ ಎಂಬ ತಕರಾರು ಹೈಕೋರ್ಟಿನವರೆಗೂ ಹೋಯಿತು. ನಮ್ಮಲ್ಲಿ ಓದುತ್ತಿದ್ದ ಕೇರಳದ ಸಾವಿರಾರು ಮಕ್ಕಳ ತಂದೆತಾಯಿಗಳು ಗಾಬರಿಯಾದರು, ಇಲ್ಲಿಯ ಪದವಿ ಬೇರೆ ರಾಜ್ಯದಲ್ಲಿ, ಬೇರೆ ದೇಶದಲ್ಲಿ ನಡೆಯುತ್ತದೆಯೇ ಎಂದು. ಆಡಳಿತದ ಎರಡು ಕಚೇರಿಗಳ ನಡುವಿನ ಜಗಳ ಕೊನೆಗೆ ಬಂದು ಬೀಳುವುದು ವಿದ್ಯಾರ್ಥಿಯ ಅರ್ಜಿಯ ಮೇಲೆ. ಇದನ್ನು ಅಧಿಕಾರದಲ್ಲಿರುವವರು ಮರೆಯಬಾರದು.

ವಾರ್ಡಿನಲ್ಲಿ ಕಲಿತದ್ದು, ಪರೀಕ್ಷೆಯಲ್ಲಿ ಕೇಳುವುದು

ಕಾಗದ ಸರಿಯಾಯಿತು ಎಂದುಕೊಳ್ಳಿ. ಮುಂದಿನದು ಪರೀಕ್ಷೆ.

ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ 2014ರಿಂದ ಎರಡು ಹಂತದ ಪದ್ಧತಿ ಇಟ್ಟಿದೆ. ಮೊದಲನೆಯದು ಕಂಪ್ಯೂಟರ್ ಪರೀಕ್ಷೆ, ಅದನ್ನು ಭಾರತದಲ್ಲೇ ಬರೆಯಬಹುದು. ಎರಡನೆಯದು ಅಸ್ಕಿ ಎನ್ನುವ ಪ್ರಾಯೋಗಿಕ ಪರೀಕ್ಷೆ, ಬ್ರಿಟನ್ನಿಗೇ ಹೋಗಿ ಕೊಡಬೇಕು. ಇವೆರಡರ ಜೊತೆಗೆ ಇಂಗ್ಲಿಷ್. ಐಇಎಲ್‌ಟಿಎಸ್ ಬರೆದರೆ ಓದು, ಕೇಳು, ಮಾತು ಮೂರರಲ್ಲೂ 7 ಬರಬೇಕು, ಬರವಣಿಗೆಯಲ್ಲಿ 6.5. ಬರವಣಿಗೆಗೂ 7 ಇದ್ದದ್ದನ್ನು 2018ರ ಕೊನೆಗೆ ಇಳಿಸಿದರು. ಆ ಅರ್ಧ ಅಂಕ ಎಷ್ಟೋ ಜನರ ದಾರಿ ಸಲೀಸು ಮಾಡಿತು. ಅಮೆರಿಕಕ್ಕೆ ಹೋಗುವವರು ಎನ್‌ಕ್ಲೆಕ್ಸ್ ಬರೆಯುತ್ತಾರೆ. ಆಸ್ಟ್ರೇಲಿಯಾದ ದಾರಿಯಲ್ಲೂ ಬಹಳ ಮಂದಿಗೆ ಅದೇ ಪರೀಕ್ಷೆ, ಮೇಲೆ ಅಲ್ಲಿನದೇ ಅಸ್ಕಿ.

ಅಸ್ಕಿಯ ಒಂದು ನಿಲ್ದಾಣವನ್ನು ಹತ್ತಿರದಿಂದ ನೋಡೋಣ. ಹಾಸಿಗೆಯ ಮೇಲೆ ರೋಗಿಯ ಪಾತ್ರದವರೊಬ್ಬರು ಇರುತ್ತಾರೆ. ಪಕ್ಕದಲ್ಲಿ ಔಷಧಿ ಚೀಟಿ. ನರ್ಸ್ ಒಳಗೆ ಬಂದು ಕೈ ತೊಳೆಯಬೇಕು. ತನ್ನ ಹೆಸರು ಹೇಳಬೇಕು. ರೋಗಿಯ ಹೆಸರು, ಹುಟ್ಟಿದ ತಾರೀಕು ಕೇಳಿ ಮಣಿಕಟ್ಟಿನ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಯಾವ ಔಷಧಿಯಾದರೂ ಒಗ್ಗುವುದಿಲ್ಲವೇ ಎಂದು ಕೇಳಬೇಕು. ಏನು ಕೊಡುತ್ತಿದ್ದೇನೆ, ಏಕೆ ಕೊಡುತ್ತಿದ್ದೇನೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು. ಆಮೇಲೆ ಮಾತ್ರೆ. ಇದರಲ್ಲಿ ಅಪಾಯ ತರಬಲ್ಲ ಒಂದು ಹೆಜ್ಜೆ ತಪ್ಪಿದರೂ ಆ ನಿಲ್ದಾಣ ಫೇಲ್.

ಈಗ ನಮ್ಮ ವಾರ್ಡಿಗೆ ಬನ್ನಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬರು ಇರಬೇಕು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಂಡವರು ಈ ಸಭೆಯಲ್ಲೇ ಇದ್ದೀರಿ, ವಾಸ್ತವ ನಿಮಗೆ ನಾನು ಹೇಳಬೇಕಿಲ್ಲ. ಅಷ್ಟು ಜನರ ನಡುವೆ ಹೆಸರು ಹೋಗಿ ಹನ್ನೆರಡನೇ ಬೆಡ್ ಎನ್ನುವುದು ಉಳಿಯುತ್ತದೆ. “ಅಜ್ಜಿ, ಹುಟ್ಟಿದ ತಾರೀಕು ಯಾವ್ದು?” ಎಂದರೆ ಅಜ್ಜಿ, “ಗೌರಿ ಹಬ್ಬದ ಹಿಂದುಮುಂದು ಕಣವ್ವ” ಎನ್ನುತ್ತಾಳೆ. ಹಾಗೆಂದು ಗುರುತು ತಾಳೆ ನೋಡುವುದನ್ನು ಬಿಡಲಾಗದು. ಹೆಸರು, ಊರು, ದಾಖಲಾತಿ ಸಂಖ್ಯೆ ಕೇಳಿ ನೋಡಬಹುದು. “ಈ ಇಂಜೆಕ್ಷನ್ ಹಿಂದೆ ಯಾವಾಗಾದ್ರೂ ಆಗ್ದೇ ಬಂದಿತ್ತಾ?” ಎಂದು ಕೇಳಲು ಅರ್ಧ ನಿಮಿಷ ಸಾಕು. ಈ ಅಭ್ಯಾಸ ಹಾಸನದಲ್ಲೇ ಬೇರೂರಿದ್ದರೆ ಬ್ರಿಟನ್ನಿನ ಪರೀಕ್ಷಾ ಕೊಠಡಿಯಲ್ಲಿ ಅದನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಅದಕ್ಕಿಂತ ಮುಖ್ಯ, ನಮ್ಮ ಅಜ್ಜಿಗೂ ಅದೇ ರಕ್ಷಣೆ ಸಿಕ್ಕಂತಾಗುತ್ತದೆ. ಹೊರದೇಶದ ಪರೀಕ್ಷೆಗೆ ಮಕ್ಕಳನ್ನು ಚೆನ್ನಾಗಿ ತಯಾರುಮಾಡಿದರೆ ಮೊದಲ ಲಾಭ ಊರಿನ ರೋಗಿಗೇ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಇಂಗ್ಲಿಷಿನ ಭಯದ ಬಗ್ಗೆಯೂ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾಗೆ ಸೇರಿದ ಮಕ್ಕಳು ದಿನವೂ ಒಂದು ದೊಡ್ಡ ಕೆಲಸ ಮಾಡುತ್ತಾರೆ. ರೋಗಿ “ಎದೆ ಹಿಡ್ಕಂಡಂಗಾಯ್ತದೆ, ಎಡಗೈ ಜೋಮು” ಎಂದದ್ದನ್ನು ಕೇಳಿ ಕೇಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಡಾಕ್ಟರಿಗೆ ಫೋನಿನಲ್ಲಿ ವಿವರಿಸುತ್ತಾರೆ. ಇಷ್ಟು ಮಾಡಬಲ್ಲವರಿಗೆ ಭಾಷಾ ಪರೀಕ್ಷೆ ಎಟುಕದ ಹಣ್ಣಲ್ಲ. ಬೇಕಾದದ್ದು ಮೊದಲ ವರ್ಷದಿಂದಲೇ ಮಾತಾಡುವ ಅಭ್ಯಾಸ. ಕೋರ್ಸ್ ಮುಗಿದ ಮೇಲೆ ಸಾಲ ಮಾಡಿ ಬೆಂಗಳೂರಿನ ಕೋಚಿಂಗಿಗೆ ಓಡುವ ಸ್ಥಿತಿ ಬರಬಾರದು.

ಹಣ, ಏಜೆಂಟು, ಕಾನೂನು

ಬ್ರಿಟನ್ ಕೌನ್ಸಿಲ್ಲಿನ ಶುಲ್ಕಗಳನ್ನು ಕೂಡಿ ನೋಡಿ. ಕೆಲವು ವರ್ಷಗಳಿಂದ ನಡೆದುಬಂದ ದರದಂತೆ ಅರ್ಜಿಗೆ 140 ಪೌಂಡ್, ಕಂಪ್ಯೂಟರ್ ಪರೀಕ್ಷೆಗೆ 83, ಅಸ್ಕಿಗೆ 794, ನೋಂದಣಿಗೆ 153. ಒಟ್ಟು 1,170 ಪೌಂಡ್. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿ ದಾಟುತ್ತದೆ. ಕೆಲಸ ಕೊಡುವ ಆಸ್ಪತ್ರೆ ಇದರಲ್ಲಿ ಹೆಚ್ಚಿನದನ್ನು ಭರಿಸುವುದುಂಟು. ಇದು ನ್ಯಾಯವಾದ ಖರ್ಚು, ರಸೀದಿ ಇರುವ ಖರ್ಚು.

ಮನೆ ಮುಳುಗಿಸುವುದು ರಸೀದಿ ಇಲ್ಲದ ಖರ್ಚು. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ದುಡ್ಡು, ಚನ್ನರಾಯಪಟ್ಟಣದ ಕಡೆ ತೆಂಗಿನ ದುಡ್ಡು, ಹಾಸನದ ಸುತ್ತ ಆಲೂಗೆಡ್ಡೆಯ ದುಡ್ಡು, ಅದೂ ಸಾಲದೆ ಅಮ್ಮನ ಸರ ಅಡವಿಟ್ಟ ದುಡ್ಡು ಏಜೆಂಟರ ಕೈಸೇರಿದ್ದನ್ನು ನಾನು ಕಂಡಿದ್ದೇನೆ. ಕಾನೂನು ಏನು ಹೇಳುತ್ತದೆ ಎಂದು ಎಲ್ಲರೂ ತಿಳಿದಿರಲಿ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ಒಬ್ಬ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಏಜೆಂಟ್ ನೋಂದಾಯಿತನೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಬ್ರಿಟನ್ನಿನ ನೇಮಕಾತಿ ಸಂಹಿತೆಯಂತೆ ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಹಣ ಪಡೆಯುವಂತೆಯೇ ಇಲ್ಲ.

2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಯುದ್ಧದ ನಡುವೆ ಸಿಕ್ಕಿಕೊಂಡ 46 ಭಾರತೀಯ ನರ್ಸ್‌ಗಳು ಜುಲೈನಲ್ಲಿ ಕೊಚ್ಚಿಗೆ ಬಂದಿಳಿದದ್ದು ನಿಮಗೆ ನೆನಪಿರಬಹುದು. ನೇಮಕಾತಿಯ ಹೆಸರಿನಲ್ಲಿ ಲಕ್ಷಗಟ್ಟಲೆ ಸುಲಿಗೆಯ ಪ್ರಕರಣಗಳೂ ಆ ಹೊತ್ತಿಗೆ ಬಯಲಾದವು. 2015ರಲ್ಲಿ ಕೇಂದ್ರ ಸರ್ಕಾರ, ವಲಸೆ ಅನುಮತಿ ಬೇಕಾದ 18 ದೇಶಗಳಿಗೆ ನರ್ಸ್‌ಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ಆದೇಶಿಸಿತು. ಕೇರಳದಲ್ಲಿ ಇಂಥ ಸಂಸ್ಥೆಗಳಿವೆ: ಒಡೆಪೆಕ್ 1977ರಿಂದ ಇದೆ, ನೋರ್ಕಾ ರೂಟ್ಸ್ 2002ರಿಂದ. ಜರ್ಮನಿಗೆ ಹೋಗುವ ನರ್ಸ್‌ಗೆ ಭಾಷೆ ಕಲಿಸಿ, ಸಂದರ್ಶನ ಮಾಡಿಸಿ ಕಳಿಸುವ ವ್ಯವಸ್ಥೆ ಅಲ್ಲಿದೆ. ನಮ್ಮ ರಾಜ್ಯದಲ್ಲೂ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬಂದಿದೆ. ಅದರ ಹೆಸರು ಹೊಳೆನರಸೀಪುರದ ವಿದ್ಯಾರ್ಥಿಯ ಕಿವಿಗೆ ಏಜೆಂಟಿನ ಹೆಸರಿಗಿಂತ ಮೊದಲು ಬೀಳಬೇಕು.

ಒಂದು ಎಚ್ಚರಿಕೆ. ನರ್ಸ್ ಆಗಲು ತಡವಾಗುತ್ತದೆ, ಸದ್ಯಕ್ಕೆ ಕೇರ್ ವರ್ಕರ್ ಆಗಿ ಬ್ರಿಟನ್ನಿಗೆ ಹೋಗಿ, ಅಲ್ಲಿಂದ ನೋಂದಣಿ ಮಾಡಿಕೊಳ್ಳಿ ಎಂದು ಏಜೆಂಟರು ಹಲವರನ್ನು ಕಳಿಸಿದರು. ನಾಲ್ಕು ವರ್ಷ ಓದಿದವರು ಸೂಜಿ ಮುಟ್ಟುವ ಅಧಿಕಾರವಿಲ್ಲದೆ ವರ್ಷಗಟ್ಟಲೆ ಉಳಿದುಬಿಟ್ಟರು. 2025ರ ಜುಲೈ 22ರಿಂದ ಹೊರದೇಶದ ಹೊಸಬರಿಗೆ ಬ್ರಿಟನ್ ಆ ದಾರಿಯನ್ನು ಮುಚ್ಚಿದೆ. ನರ್ಸ್‌ಗಳ ನೇಮಕಾತಿಯೂ ಅಲ್ಲಿ ಹಿಂದಿನ ಭರದಲ್ಲಿಲ್ಲ. ಹೋಗುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿ ನಾನು ಯಾವ ರಿಜಿಸ್ಟರಿನಲ್ಲಿ, ಯಾವ ಹುದ್ದೆಯಲ್ಲಿ ಇರುತ್ತೇನೆ?

ಹೋಗುವವರಿಗೆ ನಾವೇಕೆ ನೆರವಾಗಬೇಕು

ಕೆಲವರು ಕೇಳುತ್ತಾರೆ, ಸರ್ಕಾರದ ಖರ್ಚಿನಲ್ಲಿ ಓದಿ ಹೊರಟುಹೋಗುವವರಿಗೆ ಏಕೆ ಇಷ್ಟೆಲ್ಲ? ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಿಮ್ಸ್‌ನಲ್ಲಿ, ಹೊಳೆನರಸೀಪುರದ ಸರ್ಕಾರಿ ನರ್ಸಿಂಗ್ ಕಾಲೇಜಿನಲ್ಲಿ ಓದಿದವರು ಇಲ್ಲೇ ಇರಬೇಡವೇ? ಈ ಪ್ರಶ್ನೆಯಲ್ಲಿ ನೋವಿದೆ, ಅದನ್ನು ತಳ್ಳಿಹಾಕಲಾರೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿದ ನೀತಿಸಂಹಿತೆಯೂ ಇದನ್ನೇ ತೂಗುತ್ತದೆ: ಹೋಗುವ ಹಕ್ಕು ನರ್ಸಿನದು, ಕಳಿಸುವ ದೇಶದ ಆರೋಗ್ಯವೂ ಕುಸಿಯಬಾರದು. 2023ರಲ್ಲಿ ಜಗತ್ತಿಗೆ 58 ಲಕ್ಷ ನರ್ಸ್‌ಗಳ ಕೊರತೆ ಇತ್ತೆಂದು ಅದೇ ಸಂಸ್ಥೆಯ ವರದಿ ಹೇಳಿದೆ. ಸೆಳೆತ ನಿಲ್ಲುವುದಿಲ್ಲ.

ತಡೆದು ಉಳಿಸಿಕೊಳ್ಳಲಾಗದು. ಗೌರವ ಕೊಟ್ಟು ಉಳಿಸಿಕೊಳ್ಳಬಹುದು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200ಕ್ಕೂ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ಸಂಬಳಕ್ಕೆ ಸಮನಾಗಿರಬೇಕು ಎಂದಿತು. ನಮ್ಮ ನಾಲ್ಕು ಊರುಗಳ ನರ್ಸಿಂಗ್ ಹೋಮುಗಳಲ್ಲಿ ಕೆಲಸ ಮಾಡುವ ಸಿಸ್ಟರ್, ಬ್ರದರ್‌ಗಳು ತಮ್ಮ ಸಂಬಳವನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಲಿ. ನೇಮಕಾತಿ ಪತ್ರ ಕೊಡದ, ಮೂಲ ಪ್ರಮಾಣಪತ್ರವನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಕಡೆ ಮಕ್ಕಳು ಏಕೆ ಉಳಿಯಬೇಕು?

ಈ ವರ್ಷವೇ ಆಗಬಹುದಾದದ್ದು

ಕೊನೆಗೆ ಕೆಲವು ಬೇಡಿಕೆ. ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ.

ಹೈಸ್ಕೂಲಿನ ಮುಖ್ಯೋಪಾಧ್ಯಾಯರೆ, ಒಂಬತ್ತನೇ ತರಗತಿಯಲ್ಲೇ ಮಗುವಿನ ಹೆಸರು, ಇನಿಷಿಯಲ್ ವಿಸ್ತರಣೆ, ಇಂಗ್ಲಿಷ್ ಕಾಗುಣಿತವನ್ನು ಜನನ ಪ್ರಮಾಣಪತ್ರ ಮತ್ತು ಆಧಾರಿಗೆ ತಾಳೆಮಾಡಿ, ಪೋಷಕರ ಸಹಿ ಪಡೆಯಿರಿ. ಹತ್ತು ನಿಮಿಷದ ಈ ಕೆಲಸ ಮುಂದೆ ಅಫಿಡವಿಟ್, ಗೆಜೆಟ್ ಎಂದು ಅಲೆಯುವ ತಿಂಗಳುಗಳನ್ನು ಉಳಿಸುತ್ತದೆ.

ಕಾಲೇಜಿನವರೆ, ಕೋರ್ಸ್ ಮುಗಿದ ದಿನವೇ ಗಂಟೆಗಳ ಲೆಕ್ಕವಿರುವ ಟ್ರಾನ್ಸ್‌ಕ್ರಿಪ್ಟನ್ನು ಪ್ರತಿಯೊಬ್ಬರಿಗೂ ಕೊಡಿ, ನಕಲನ್ನು ಡಿಜಿಟಲ್ ಆಗಿ ಕಾಪಾಡಿ. ಪರಿಶೀಲನೆಯ ಮೇಲ್‌ಗೆ ಉತ್ತರಿಸುವ ಹೊಣೆ ಇಂಥವರದೇ ಎಂದು ಗೊತ್ತುಮಾಡಿ. ವಾರಕ್ಕೊಂದು ದಿನ ಪ್ರಯೋಗಶಾಲೆಯಲ್ಲಿ ಅಸ್ಕಿ ಮಾದರಿಯ ಅಭ್ಯಾಸ ನಡೆಯಲಿ.

ಆಸ್ಪತ್ರೆಯ ಮಾಲೀಕರೆ, ನೇಮಕಾತಿ ಪತ್ರ, ಸಂಬಳ ಚೀಟಿ, ಅನುಭವ ಪತ್ರ ನಿಮ್ಮ ದಯೆಯಲ್ಲ, ದುಡಿದವರ ಹಕ್ಕು.

ಜಿಲ್ಲಾಡಳಿತಕ್ಕೆ ಒಂದು ಮನವಿ. ಹಿಮ್ಸ್ ಆವರಣದಲ್ಲಿ ತಿಂಗಳಿಗೊಮ್ಮೆ ನೋಂದಣಿ ಸಹಾಯ ದಿನ ನಡೆಸಿ. ರಾಜ್ಯ ಪರಿಷತ್ತಿನ ನವೀಕರಣ, ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ, ಪಾಸ್‌ಪೋರ್ಟು, ನೋಂದಾಯಿತ ಏಜೆಂಟರ ಪಟ್ಟಿ ಒಂದೇ ಕಡೆ ಸಿಗಲಿ. ವಲಸೆ ಕೇಂದ್ರದ ಒಬ್ಬ ಅಧಿಕಾರಿ ಆ ದಿನ ಬರಲಿ.

ಹೊರದೇಶದಲ್ಲಿರುವ ನಮ್ಮ ಮಕ್ಕಳೆ, ಇಲ್ಲಿನ ನೋಂದಣಿಯನ್ನು ನವೀಕರಿಸುತ್ತಿರಿ, ವಾಪಸು ಬರುವ ದಿನಕ್ಕೆ ಅದು ಬೇಕು. ರಜೆಗೆ ಬಂದಾಗ ಕಿರಿಯರಿಗೆ ಒಂದು ತರಗತಿ ತೆಗೆದುಕೊಳ್ಳಿ. ನೀವು ದುಬಾರಿ ಬೆಲೆ ತೆತ್ತು ತಿಳಿದದ್ದು ಅವರಿಗೆ ಬಿಟ್ಟಿಯಾಗಿ ಸಿಗಲಿ.

ದತ್ತಿದಾತರಿಗೆ ಕೊನೆಯ ಕೋರಿಕೆ. ಮುಂದಿನ ವರ್ಷದಿಂದ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು, ನಾಲ್ಕು ತಾಲ್ಲೂಕುಗಳಿಂದ ತಲಾ ಒಬ್ಬ ಬಡ ನರ್ಸಿಂಗ್ ಪದವೀಧರರ ಭಾಷಾ ಪರೀಕ್ಷೆಯ ಶುಲ್ಕಕ್ಕೆ ಮೀಸಲಿಡಿ. ಒಪ್ಪಿದರೆ, ಆ ಅಭ್ಯರ್ಥಿಗಳ ಕಾಗದಪತ್ರ ಓದಿ ತಿದ್ದಿಕೊಡುವ ಕೆಲಸ ನನ್ನದು. ಈ ಸಭೆಯಲ್ಲಿರುವ ನಿವೃತ್ತ ನರ್ಸ್‌ಗಳೂ ಕೈಜೋಡಿಸಿದರೆ ಒಂದೊಂದು ತಾಲ್ಲೂಕಿಗೂ ಒಬ್ಬರು ಸಿಗುತ್ತಾರೆ. ಸಭೆ ಮುಗಿದ ಮೇಲೆ ಹೆಸರು ಕೊಡಿ.